ಎಲೆಗೆ ಕೈಮುಗಿ, ಹೂವಿಗೆ ಕೈಕೋಳ

ಮೊಣಕಾಲು ನೋವಿಗೆ ಮದ್ದೇನು ಎಂದು ಫೋನಿನಲ್ಲಿ ಒಂದೇ ಒಂದು ಸಲ ಹುಡುಕಿದೆ. ನಾನು ಮಾಡಿದ ತಪ್ಪು ಅಷ್ಟೇ.

ಮೊದಲ ದಿನ ಬೆಲ್ಟಿನ ಜಾಹೀರಾತು ಬಂತು. ಎರಡನೇ ದಿನ ಅಯಸ್ಕಾಂತದ ಚಪ್ಪಲಿ. ಮೂರನೇ ದಿನ ಕಂದು ಗಾಜಿನ ಪುಟ್ಟ ಸೀಸೆ. ಮೇಲೆ ಏಳು ಬೆರಳಿನ ಎಲೆಯ ಚಿತ್ರ. ‘ವಿಜಯಾ’ ಎಂದು ಹೆಸರು. ‘ಸಿಬಿಜಿ ಸಮೃದ್ಧ’ ಎಂದು ಬಿರುದು. ಮೂವತ್ತು ಎಂ.ಎಲ್.ಗೆ ಮೂರು ಸಾವಿರ ಚಿಲ್ಲರೆ. ಆ ದುಡ್ಡಿಗೆ ಗಾಣದ ಎಳ್ಳೆಣ್ಣೆ ತಂದರೆ ಇಡೀ ವಠಾರ ಅಭ್ಯಂಜನ ಮಾಡಿ ಏಳಬಹುದು.

ವಿಜಯಾ ಯಾರು ಎಂದು ಕೇಳಬೇಡಿ. ಗಾಂಜಾ ಗಿಡ. ಸಂಸ್ಕೃತದಲ್ಲಿ ಕರೆದರೆ ಔಷಧ. ಕನ್ನಡದಲ್ಲಿ ಕರೆದರೆ ಗುನ್ನೆ.

ಕೊಳ್ಳುವುದಕ್ಕೆ ವೈದ್ಯರ ಚೀಟಿ ಬೇಕಂತೆ. ಚೀಟಿಯನ್ನೂ ಮಾರುವವರೇ ಕೊಡಿಸುತ್ತಾರಂತೆ. ಎಂಥ ಅನುಕೂಲ! ವಿಡಿಯೊ ಕರೆ ಬಂತು. ನಾಲ್ಕು ನಿಮಿಷ. ಮೊಮ್ಮಗನ ವಯಸ್ಸಿನ ಡಾಕ್ಟರು. ಮೊಣಕಾಲು ನೋಡಲಿಲ್ಲ, ಕ್ಯಾಮೆರಾ ನನ್ನ ಮುಖದ ಮೇಲಿತ್ತು.

‘ನಿದ್ದೆ ಹೇಗಿದೆ ಸರ್? ಟೆನ್ಷನ್ ಇದೆಯಾ?’

‘ಬೆಂಗಳೂರಲ್ಲಿ ಇದ್ದೀನಪ್ಪಾ’ ಎಂದೆ. ಎರಡೂ ಪ್ರಶ್ನೆಗೆ ಅದೇ ಉತ್ತರ. ಚೀಟಿ ಬಂತು.

‘ಪೊಲೀಸರು ಹಿಡಿಯೋದಿಲ್ವಾ ಡಾಕ್ಟ್ರೇ?’

‘ಇಲ್ಲ ಸರ್. ಇದು ಎಲೆ. ಹೂವಲ್ಲ.’

ಹುಡುಗ ಸುಳ್ಳು ಹೇಳಲಿಲ್ಲ. ಮಾದಕ ವಸ್ತು ತಡೆಯುವ 1985ರ ಎನ್‌ಡಿಪಿಎಸ್ ಕಾಯ್ದೆ ಹೇಳುವುದೂ ಅದನ್ನೇ. ಹೂವು ಅಥವಾ ಕಾಯಿ ಬಿಟ್ಟ ತುದಿ ಇದ್ದರೆ ಅದು ಗಾಂಜಾ. ತುದಿ ಇಲ್ಲದ ಬರೀ ಎಲೆ, ಬರೀ ಬೀಜ ಗಾಂಜಾ ಅಲ್ಲ. ಅದಕ್ಕೇ ಜೈಸಲ್ಮೇರಿನಲ್ಲಿ ಎಲೆ ಅರೆದು ಮಾಡುವ ಭಂಗಿಗೆ ಸರ್ಕಾರಿ ಪರವಾನಗಿಯ ಅಂಗಡಿ ಇದೆ. ಪ್ರವಾಸಿಗರು ಬೋರ್ಡಿನ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. 2022ರಲ್ಲಿ ನಮ್ಮ ಹೈಕೋರ್ಟಿನ ಮುಂದೆಯೂ 29 ಕಿಲೊ ಭಂಗಿಯ ಪ್ರಕರಣ ಬಂತು. ಹಿಡಿದವರು ಬೆಂಗಳೂರು ಪೊಲೀಸರು. ಈ ಕಾಯ್ದೆಯಲ್ಲಿ ಭಂಗಿಗೆ ನಿಷೇಧ ಎಲ್ಲಿದೆ ಎಂದು ನ್ಯಾಯಾಲಯ ಕೇಳಿತು. ಜಾಮೀನು ಸಿಕ್ಕಿತು.

ಕಾಯ್ದೆಗೆ ಸಸ್ಯಶಾಸ್ತ್ರ ಗೊತ್ತು ಎಂದುಕೊಳ್ಳಬೇಡಿ. ಅದಕ್ಕೆ ಗೊತ್ತಿರುವುದು ಹೋಳಿ ಹಬ್ಬ, ಶಿವರಾತ್ರಿ. ಮಾದಕ ವಸ್ತುಗಳ ಬಗೆಗಿನ 1961ರ ಅಂತರರಾಷ್ಟ್ರೀಯ ಒಪ್ಪಂದವೂ ಎಲೆಯನ್ನು ಹೊರಗಿಟ್ಟೇ ಗಾಂಜಾದ ವ್ಯಾಖ್ಯೆ ಬರೆದಿತ್ತು. ದೇವರಿಗೆ ಬೇಕಾದ ಭಾಗ ಆಚೆ. ಹುಡುಗರಿಗೆ ಬೇಕಾದ ಭಾಗ ಒಳಗೆ.

ಗಿಡ ಆ ಒಪ್ಪಂದಕ್ಕೆ ಸಹಿ ಹಾಕಿಲ್ಲ. ಅದು ತನ್ನ ಸಾರವನ್ನೆಲ್ಲ ಇಟ್ಟುಕೊಂಡಿರುವುದು ಹೆಣ್ಣು ಹೂವಿನಲ್ಲಿ. ಹೂವಿನ ಸುತ್ತಲ ಎಸಳುಗಳ ಮೇಲೆ ಸೂಜಿಮೊನೆಯಷ್ಟು ಸಣ್ಣ ಗ್ರಂಥಿಗಳಿವೆ. ಅಂಟು ಅಲ್ಲಿ ಜಿನುಗುತ್ತದೆ. ಸೀಸೆಯ ಬಿರುದಿನಲ್ಲಿದ್ದ ಸಿಬಿಜಿ ಇರುವುದೂ ಅಲ್ಲಿ. ಎಲೆಯಲ್ಲಿ ಇರುವುದು ಅದರ ಚೂರುಪಾರು.

ಅಂದರೆ ಔಷಧ ಬೇಕಾದವರು ಅದು ಕಡಿಮೆ ಇರುವ ಜಾಗದಿಂದಲೇ ಹಿಂಡಬೇಕು. ಹಸುವಿನ ಕಿವಿ ಹಿಂಡಿ ಹಾಲು ಕರೆದ ಹಾಗೆ. ಕೆಚ್ಚಲಿಗೆ ಕೈ ಹಾಕಿದಿರೋ, 20 ಕಿಲೊ ದಾಟಿದರೆ ಕನಿಷ್ಠ 10 ವರ್ಷ ಜೈಲು.

ಇನ್ನು ಈ ಸಿಬಿಜಿಯ ಕಥೆ. ಪೂರ್ತಿ ಹೆಸರು ಕ್ಯಾನಬಿಜೆರಾಲ್. ಅಮಲೇರಿಸುವುದಿಲ್ಲ. ಸೀಸೆಯ ಡಬ್ಬಿಯ ಮೇಲೆ ಇದನ್ನು ‘ಎಲ್ಲ ಕ್ಯಾನಬಿನಾಯ್ಡುಗಳ ತಾಯಿ’, ಅಂದರೆ ಈ ಗಿಡದ ಸಾರಗಳಿಗೆಲ್ಲ ತಾಯಿ, ಎಂದು ಹೊಗಳಿದ್ದಾರೆ. ಅರ್ಧ ಸತ್ಯ. ನಿಜವಾದ ತಾಯಿ ಇದರ ಆಮ್ಲ ರೂಪ, ಸಿಬಿಜಿಎ. ಗಿಡ ಮೊದಲು ಅದನ್ನು ತಯಾರಿಸುತ್ತದೆ. ಆಮೇಲೆ ಕಿಣ್ವಗಳು ಬಂದು ಅದನ್ನೇ ಬೇರೆ ಬೇರೆ ಮಕ್ಕಳಾಗಿ ತಿದ್ದುತ್ತವೆ. ಗಿಡ ಬಲಿಯುವ ಹೊತ್ತಿಗೆ ತಾಯಿಯ ಪಾಲಿಗೆ ಸಾಮಾನ್ಯವಾಗಿ ನೂರಕ್ಕೆ ಒಂದು ಪಾಲೂ ಉಳಿಯುವುದಿಲ್ಲ. ಹಬ್ಬದ ದಿನ ಎಲ್ಲರಿಗೂ ಬಡಿಸಿ, ಕೊನೆಗೆ ಪಾತ್ರೆಯ ತಳ ಕೆರೆದು ಉಣ್ಣುವವಳು.

ಒಬ್ಬ ಮಗ ಟಿಎಚ್‌ಸಿ. ಅಮಲಿನವನು. ಮನೆತನದ ಹೆಸರು ಕೆಡಿಸಿದವನು. ಇನ್ನೊಬ್ಬ ಸಿಬಿಡಿ. ಸಂಭಾವಿತ. 2018ರಲ್ಲಿ ಅಮೆರಿಕದಲ್ಲಿ ಕೆಲಸಕ್ಕೆ ಸೇರಿದ. ಎಪಿಡಿಯೊಲೆಕ್ಸ್ ಎಂಬ ಹೆಸರಿನಲ್ಲಿ ಮಕ್ಕಳ ಎರಡು ಕಠಿಣ ಬಗೆಯ ಅಪಸ್ಮಾರಕ್ಕೆ ಔಷಧವಾಗಿ ಅಲ್ಲಿನ ಎಫ್‌ಡಿಎ ಒಪ್ಪಿಗೆ ಪಡೆದ. ಆರಂಭದ ಸಂಬಳ, ಅಂದರೆ ಬೆಲೆ, ವರ್ಷಕ್ಕೆ ಸುಮಾರು 32,500 ಡಾಲರ್. ಮಗ ಅಮೆರಿಕದಲ್ಲಿ ನೆಲೆ ನಿಂತ ಮೇಲೆ ತಾಯಿಗೂ ಬೆಲೆ ಬಂತು. ಇದು ನಮ್ಮ ಮನೆಗಳಲ್ಲೂ ಇದ್ದದ್ದೇ.

ಅಪಸ್ಮಾರದ ಈ ಕಥೆ ಶುರುವಾದದ್ದು ಕಲ್ಕತ್ತಾದಲ್ಲಿ. ಓಶಾನೆಸಿ ಎಂಬ ಐರಿಷ್ ವೈದ್ಯ ಅಲ್ಲಿನ ಮೆಡಿಕಲ್ ಕಾಲೇಜಿನಲ್ಲಿ ಕೆಲಸಕ್ಕಿದ್ದ. ಬೀದಿಯಲ್ಲಿ ಮಾರುವ ಗಾಂಜಾವನ್ನು ಮೊದಲು ಪ್ರಾಣಿಗಳಿಗೆ ಕೊಟ್ಟು ನೋಡಿದ, ಆಮೇಲೆ ರೋಗಿಗಳಿಗೆ. ಸೆಳವಿನಿಂದ ಒದ್ದಾಡುತ್ತಿದ್ದ 40 ದಿನದ ಕೂಸಿಗೂ ಅದರ ಟಿಂಕ್ಚರ್ ಹನಿ ಹಾಕಿದ. 1839ರಲ್ಲಿ ಎಲ್ಲವನ್ನೂ ಬರೆದು ಪ್ರಕಟಿಸಿದ. ಗಿಡ ನಮ್ಮದು. ರೋಗಿಗಳು ನಮ್ಮವರು. ಬರೆದಿಟ್ಟವನು ಐರ್ಲೆಂಡಿನವನು. ನಾವು ‘ಋಷಿಗಳಿಗೆ ಮೊದಲೇ ಗೊತ್ತಿತ್ತು’ ಎಂದು ಫಾರ್ವರ್ಡ್ ಮಾಡಿದೆವು.

ಋಷಿಗಳಿಗೆ ಗೊತ್ತಿದ್ದಿರಬಹುದು. ಅಥರ್ವವೇದದಲ್ಲಿ ಭಂಗದ ಹೆಸರಿದೆ. ಎಷ್ಟು ಮಿಲಿಗ್ರಾಂ, ಊಟಕ್ಕೆ ಮೊದಲೋ ಆಮೇಲೋ, ಬಿ.ಪಿ. ಮಾತ್ರೆ ನುಂಗುವವರು ಏನು ಮಾಡಬೇಕು, ಇದು ಅದರಲ್ಲಿಲ್ಲ.

ಸಿಬಿಜಿಯನ್ನು ಗಿಡದಿಂದ ಬೇರ್ಪಡಿಸಿದ್ದು 1964ರಲ್ಲಿ, ಇಸ್ರೇಲಿನಲ್ಲಿ. ಗಾವೊನಿ, ಮೆಕೌಲಮ್ ಎಂಬ ಇಬ್ಬರು ರಸಾಯನ ವಿಜ್ಞಾನಿಗಳು. ಟಿಎಚ್‌ಸಿಯ ರಚನೆ ಬಿಡಿಸಿದವರೂ ಅವರೇ, ಅದೂ ಅದೇ ವರ್ಷ. ಸಂಶೋಧನೆಗೆ ಮಾಲು ಎಲ್ಲಿಂದ ಬಂತು ಗೊತ್ತೆ? ಪೊಲೀಸರಿಂದ. ಪೊಲೀಸರು ಜಪ್ತಿ ಮಾಡಿದ್ದ 5 ಕಿಲೊ ಹಶೀಶನ್ನು ಮೆಕೌಲಮ್ ಕೇಳಿ ಪಡೆದರು. ಚೀಲದಲ್ಲಿಟ್ಟುಕೊಂಡು ಬಸ್ಸಿನಲ್ಲಿ ಪ್ರಯೋಗಾಲಯಕ್ಕೆ ಒಯ್ದರು. ಬಸ್ಸಿನವರೆಲ್ಲ ಇದೇನು ವಾಸನೆ ಎಂದು ಮೂಗರಳಿಸಿದರಂತೆ. ಆ ಐದು ಕಿಲೊದಿಂದ ಒಂದು ಶಾಸ್ತ್ರವೇ ಹುಟ್ಟಿತು.

ನಮ್ಮ ಪೊಲೀಸರೂ ಜಪ್ತಿ ಮಾಡುತ್ತಾರೆ. ಐದು ಕಿಲೊ ಯಾವ ಲೆಕ್ಕ, ಟನ್ನುಗಟ್ಟಲೆ. ಮುದ್ದೇಮಾಲು ಗೋದಾಮಿಗೆ ಹೋಗುತ್ತದೆ. ಜೂನ್ 26, ಮಾದಕ ವಸ್ತು ವಿರೋಧಿ ದಿನ. ಆ ಹೊತ್ತಿಗೆ ಸರಿಯಾಗಿ ಕುಲುಮೆಗೆ ಹಾಕಿ ಸುಡುತ್ತಾರೆ. ಸಾಹೇಬರು ಮಾಸ್ಕ್ ಹಾಕಿ ನಿಲ್ಲುತ್ತಾರೆ. ಫೋಟೊ ಬರುತ್ತದೆ. ಕೋಟಿ ಲೆಕ್ಕದ ಮೌಲ್ಯ ಬರುತ್ತದೆ. ಅದರಲ್ಲಿ ಒಂದು ಹಿಡಿಯನ್ನು ಯಾರಾದರೂ ಮೇಷ್ಟ್ರು ಪರೀಕ್ಷೆಗೆಂದು ಕೇಳಿದರೆ ಮೊದಲು ಮೇಷ್ಟ್ರ ಬ್ಯಾಗು ತಪಾಸಣೆ.

ಕುಲುಮೆಗೂ ಹೋಗದೆ ಉಳಿದರೆ ಇಲಿ ಇದೆ.

ನಗಬೇಡಿ. 2022ರಲ್ಲಿ ಉತ್ತರ ಪ್ರದೇಶದ ಮಥುರಾದ ಪೊಲೀಸರು ನ್ಯಾಯಾಲಯಕ್ಕೆ ಹೇಳಿದ ಮಾತು. ಎರಡು ಠಾಣೆಗಳಲ್ಲಿ ಇಟ್ಟಿದ್ದ 581 ಕಿಲೊ ಗಾಂಜಾ ಎಲ್ಲಪ್ಪಾ ಎಂದು ನ್ಯಾಯಾಲಯ ಕೇಳಿತು. ಇಲಿ ತಿಂದವು ಸ್ವಾಮಿ ಎಂದರು. ಐದುನೂರ ಎಂಬತ್ತೊಂದು ಕಿಲೊ! ನೈತಿಕ ಸಮಿತಿಯ ಒಪ್ಪಿಗೆ ಇಲ್ಲದೆ, ಅನುದಾನ ಇಲ್ಲದೆ, ಜಗತ್ತಿನ ಅತಿ ದೊಡ್ಡ ಇಲಿ ಪ್ರಯೋಗ ಭಾರತದ ಪೊಲೀಸ್ ಠಾಣೆಯಲ್ಲಿ ನಡೆದುಹೋಯಿತು. ಫಲಿತಾಂಶ ಬರೆದುಕೊಂಡವರಿಲ್ಲ. ಇಲಿಗಳಿಗೆ ಆತಂಕ ಕಡಿಮೆಯಾಯಿತೆ? ಮೊಣಕಾಲು ನೋವು ಹೋಯಿತೆ? ಎಫ್‌ಐಆರ್ ಆದರೂ ಆಯಿತೆ?

ಬೇರೆ ದೇಶದ ಇಲಿಗಳ ವಿಷಯ ಮಾತ್ರ ಚೆನ್ನಾಗಿ ದಾಖಲಾಗಿದೆ. 2013ರಲ್ಲಿ ಇಟಲಿಯ ನೇಪಲ್ಸ್‌ನವರು ಕರುಳು ಊದಿಸಿದ ಇಲಿಗಳಿಗೆ ಸಿಬಿಜಿ ಕೊಟ್ಟರು. ಉರಿಯೂತ ಇಳಿಯಿತು. 2015ರಲ್ಲಿ ಸ್ಪೇನಿನವರು ಹಂಟಿಂಗ್ಟನ್ ಕಾಯಿಲೆಯ ಮಾದರಿ ಇಲಿಗಳಿಗೆ ಕೊಟ್ಟರು. ಮಿದುಳಿನ ನರಕೋಶಗಳಿಗೆ ರಕ್ಷಣೆ ಸಿಕ್ಕಿತು. 2020ರಲ್ಲಿ ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದವರು ಎಮ್‌ಆರ್‌ಎಸ್‌ಎ ಎಂಬ ಹಟಮಾರಿ ಬ್ಯಾಕ್ಟೀರಿಯಾ ಸೋಂಕಿದ ಇಲಿಗಳಿಗೆ ಕೊಟ್ಟರು. ಮಾಮೂಲಿ ಆ್ಯಂಟಿಬಯೊಟಿಕ್ಕಿಗೆ ಜಗ್ಗದ ಜಂತು ಅದು. ಸಿಬಿಜಿ ಅದರ ಪೊರೆಯನ್ನೇ ಹರಿಯಿತು.

ಈ ಕೊನೆಯದು ಸಣ್ಣ ಸಂಗತಿಯಲ್ಲ. ನೆಗಡಿಗೆ ಅಜಿತ್ರೊಮೈಸಿನ್, ಹೊಟ್ಟೆ ಗುಡುಗುಡು ಎಂದರೆ ಇನ್ನೊಂದು ಸ್ಟ್ರಿಪ್, ಎಲ್ಲವನ್ನೂ ಮೆಡಿಕಲ್ ಶಾಪಿನ ಹುಡುಗನ ಸಲಹೆಯ ಮೇಲೆ ನುಂಗಿ ನುಂಗಿ ಜಂತುಗಳಿಗೆ ವ್ಯಾಯಾಮ ಮಾಡಿಸಿದ ದೇಶ ನಮ್ಮದು. ಹೊಸ ಆ್ಯಂಟಿಬಯೊಟಿಕ್ಕಿನ ಸುಳಿವು ಸಿಕ್ಕರೆ ಮೊದಲು ಎದ್ದು ಕೂರಬೇಕಾದವರು ನಾವು. ಕೂತವರು ಕೆನಡಾದವರು. ಅವರೂ ಕುಣಿಯಲಿಲ್ಲ. ನಮ್ಮ ಜೀವಕೋಶಗಳಿಗೂ ಇದು ಹಾನಿ ಮಾಡಬಹುದು, ಅದನ್ನು ಸರಿಪಡಿಸುವ ಕೆಲಸ ಬಾಕಿ ಎಂದರು. ಈ ಮಾತು ನಮ್ಮ ಸೀಸೆಯ ಡಬ್ಬಿಯ ಮೇಲೆ ಹಿಡಿಸಲಿಲ್ಲ. ಜಾಗ ಇರಲಿಲ್ಲವೇನೋ. ಕಮಲದ ಹೂವಿನ ಚಿತ್ರಕ್ಕೆ ಜಾಗ ಇತ್ತು.

ಹಾಗಾದರೆ ಮನುಷ್ಯರು?

ಮೂವತ್ತನಾಲ್ಕು.

ಅಮೆರಿಕದ ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದವರು 2024ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಇದ್ದವರು 34 ಜನ. ಒಮ್ಮೆ 20 ಮಿಲಿಗ್ರಾಂ ಸಿಬಿಜಿ, ಇನ್ನೊಮ್ಮೆ ಹುಸಿಮದ್ದು. ಯಾವುದು ಯಾವುದೆಂದು ಕೊಟ್ಟವರಿಗೂ ಗೊತ್ತಿಲ್ಲ, ಕುಡಿದವರಿಗೂ ಗೊತ್ತಿಲ್ಲ. ಆತಂಕ ಇಳಿಯಿತು. ಪದಗಳನ್ನು ನೆನಪಿಡುವ ಶಕ್ತಿ ತುಸು ಏರಿತು. ಎಲ್ಲರೂ ಆರೋಗ್ಯವಂತರು, ಗಾಂಜಾ ಬಳಸಿ ರೂಢಿ ಇದ್ದವರು. ಪವಾಡ ಎಂದು ಕೂಗಬೇಡಿ, ಇನ್ನೂ ಪರೀಕ್ಷೆ ಆಗಬೇಕು ಎಂದು ಅದನ್ನು ಮಾಡಿದವರೇ ಎಚ್ಚರಿಸಿದರು.

1964ರಿಂದ 2024. ಅರವತ್ತು ವರ್ಷ. ಮನುಷ್ಯನ ಆತಂಕದ ಮೇಲೆ ಇದನ್ನು ಸರಿಯಾಗಿ ತೂಗಿ ನೋಡುವುದಕ್ಕೆ ಷಷ್ಟಿಪೂರ್ತಿ ಆಗಬೇಕಾಯಿತು. ಕಾರಣ ಅಣು ಅಲ್ಲ. ಅದು ಹುಟ್ಟಿದ ಮನೆ. ಅಪ್ಪನ ಮೇಲೆ ಕೇಸಿದ್ದರೆ ಮಗಳಿಗೆ ಗಂಡು ಸಿಗದ ಹಾಗೆ.

ನನ್ನ ಸೀಸೆಯ ಜಾಹೀರಾತು ಇಷ್ಟೆಲ್ಲ ಕಾಯುವುದಿಲ್ಲ. ಎಣಿಸಿದೆ. ಹತ್ತೊಂಬತ್ತು ಕಾಯಿಲೆ. ಮೈಗ್ರೇನ್, ಸಂಧಿವಾತ, ಗ್ಲಾಕೋಮಾ, ಕೂದಲು ಉದುರುವುದು, ಪರೀಕ್ಷೆಯ ಭಯ. ಕೊನೆಯಲ್ಲಿ ‘ಇತ್ಯಾದಿ’. ‘ಸಂಶೋಧನೆಯಿಂದ ದೃಢಪಟ್ಟಿದೆ’ ಎಂಬ ಸಾಲಿನ ಪಕ್ಕದಲ್ಲಿ ನಗುವ ಅಜ್ಜಿಯ ಫೋಟೊ. ಸಂಶೋಧನೆಯಲ್ಲಿದ್ದ ಇಲಿಯ ಫೋಟೊ ಹಾಕಬೇಕಿತ್ತು. ವಾಸಿಯಾದದ್ದು ಅದಕ್ಕೆ.

ಡಬ್ಬಿ ಮುಚ್ಚಿಟ್ಟ ಇನ್ನೊಂದು ಸಂಗತಿ ಇದೆ. ಸಿಬಿಜಿ ನಮ್ಮ ಮೈಯಲ್ಲಿ ಆಲ್ಫಾ-2 ಎಂಬ ಗ್ರಾಹಕಗಳನ್ನು ಮೀಟುತ್ತದೆ. ಬಿ.ಪಿ. ಇಳಿಸುವ ಕ್ಲೋನಿಡಿನ್ ಮೀಟುವುದೂ ಅದನ್ನೇ. ಅಂದರೆ ಬಿ.ಪಿ. ಮಾತ್ರೆ ನುಂಗುವವನು ಕೇಳಿ ತಿಳಿದುಕೊಳ್ಳಬೇಕಾದ ವಿಷಯ. ನಾನು ಹನ್ನೊಂದು ವರ್ಷದಿಂದ ನುಂಗುತ್ತಿದ್ದೇನೆ. ನಾಲ್ಕು ನಿಮಿಷದ ಡಾಕ್ಟರು ಟೆನ್ಷನ್ ಕೇಳಿದರು, ಬಿ.ಪಿ. ಕೇಳಲಿಲ್ಲ. ಪಿನ್ ಕೋಡ್ ಎರಡು ಸಲ ಕೇಳಿದರು.

‘ಪ್ಲಾಂಟ್ ಬೇಸ್ಡ್ ಅಂಕಲ್, ಏನೂ ಆಗಲ್ಲ’ ಎಂದು ಧೈರ್ಯ ಹೇಳಿದ್ದು ಮೇಲಿನ ಮನೆಯ ಸಾಫ್ಟ್‌ವೇರ್ ಹುಡುಗ. ದತ್ತೂರವೂ ಪ್ಲಾಂಟ್ ಬೇಸ್ಡೇ ಕಣಪ್ಪಾ. ಔಷಧ ನಿಯಮಗಳಲ್ಲಿ ಇ(1) ಎಂಬ ಅನುಸೂಚಿ ಇದೆ. ಆಯುರ್ವೇದದ ವಿಷದ್ರವ್ಯಗಳ ಪಟ್ಟಿ. ಅದರಲ್ಲಿ ದತ್ತೂರ, ವತ್ಸನಾಭಿಗಳ ಪಂಕ್ತಿಯಲ್ಲೇ ಭಂಗಕ್ಕೂ ಎಲೆ ಹಾಕಿದ್ದಾರೆ. ವೈದ್ಯರ ನಿಗಾದಲ್ಲೇ ಸೇವಿಸಿ ಎಂದು ಲೇಬಲ್ಲಿನ ಮೇಲೆ ಅಚ್ಚಾಗಬೇಕು. ಅಚ್ಚಾಗಿದೆ. ಭೂತಗನ್ನಡಿ ಬೇಕು, ಅಷ್ಟೆ.

ಕೆಳಗಿನ ಮನೆಯ ನಿವೃತ್ತ ಯಜಮಾನರದು ಇನ್ನೊಂದು ಧಾಟಿ. ಬೆಳಿಗ್ಗೆ ಆರಕ್ಕೆ ‘ಶಿವನಿಗೆ ಪ್ರಿಯವಾದ ವಿಜಯೆಯ ನೂರೆಂಟು ಗುಣಗಳು’ ಎಂಬ ಸಂದೇಶ ಕಳಿಸುತ್ತಾರೆ. ಆರೂಕಾಲಿಗೆ ‘ಗಾಂಜಾ ಸಿಕ್ಕಿದವರನ್ನು ನಡುಬೀದಿಯಲ್ಲಿ ನೇಣು ಹಾಕಿ’ ಎಂಬ ಸಂದೇಶ. ಎರಡಕ್ಕೂ ಕೈಮುಗಿಯುವ ಚಿತ್ರ. ನಡುವಿನ ಕಾಲು ಗಂಟೆ ಕಾಫಿ ಕುಡಿಯುತ್ತಾರೆ. ಯೋಚನೆಗೆ ಎಂದುಕೊಂಡವರು ಅವರನ್ನು ಬಲ್ಲವರಲ್ಲ.

ಅವರನ್ನು ಬಯ್ದು ಏನು ಪ್ರಯೋಜನ? ಸರ್ಕಾರವೇ ಹಾಗಿದೆ. 2020 ನೆನಪಿದೆಯೇ? ಮುಂಬೈಯಿಂದ ಬೆಂಗಳೂರಿನವರೆಗೆ ಟಿವಿಗಳಿಗೆ ಸಿನಿಮಾದವರ ಡ್ರಗ್ಸ್ ಬಿಟ್ಟು ಬೇರೆ ಸುದ್ದಿಯೇ ಇರಲಿಲ್ಲ. ವಾಟ್ಸ್ಆ್ಯಪ್ ಚಾಟನ್ನು ಪುರಾಣದಂತೆ ವಾಚಿಸಿದರು. ಅದೇ ವರ್ಷ ಡಿಸೆಂಬರ್ 2ರಂದು ವಿಯೆನ್ನಾದಲ್ಲಿ ವಿಶ್ವಸಂಸ್ಥೆಯ ಮಾದಕ ವಸ್ತು ಆಯೋಗದ ಮತದಾನ. ಗಾಂಜಾವನ್ನು ಹೆರಾಯಿನ್ ಜೊತೆಗಿನ ಅತಿ ಕಠಿಣ ಪಟ್ಟಿಯಿಂದ ತೆಗೆಯಬೇಕೆ? ಪರ 27, ವಿರೋಧ 25. ಭಾರತ ಎತ್ತ? ಪರ. ನಮ್ಮದೊಂದು ಮತ ಆಚೆ ಹೋಗಿದ್ದರೆ 26-26, ಅಲ್ಲಿಗೆ ಮುಗಿಯುತ್ತಿತ್ತು. ವಿಯೆನ್ನಾದಲ್ಲಿ ಔಷಧೀಯ ಗುಣ ಕಂಡ ಕಣ್ಣಿಗೆ ವಿಮಾನ ಇಳಿದ ಕೂಡಲೇ ಪೊರೆ ಬಂತು.

ಮುಂದಿನ ವರ್ಷ ಆಹಾರ ಸುರಕ್ಷತಾ ಪ್ರಾಧಿಕಾರ ಇದೇ ಗಿಡದ ಬೀಜ, ಬೀಜದ ಎಣ್ಣೆ, ಹಿಟ್ಟು ಎಲ್ಲವೂ ಆಹಾರ ಎಂದಿತು. ಕುಮಾವೂಂ ಕಡೆಯ ಅಜ್ಜಿಯರು ತಲೆಮಾರುಗಳಿಂದ ಆ ಬೀಜ ಅರೆದು ಚಟ್ನಿ ಮಾಡುತ್ತಿದ್ದರು. ಅವರಿಗೆ ಒಂದು ಅಧಿಸೂಚನೆಯ ಕೊರತೆ ಇತ್ತು, ನೀಗಿತು. ಈಗ ಬೀಜ ಒಂದು ಇಲಾಖೆಗೆ. ಎಲೆ ಅಬಕಾರಿಗೆ. ಎಲೆಯ ರಸ ಆಯುಷ್‌ಗೆ. ಹೂವು ಪೊಲೀಸರಿಗೆ. ಹಿಸೆ ಪಾಲಾದ ಮನೆಯಲ್ಲಿ ಬಚ್ಚಲಿಗೂ ಗೋಡೆ ಹಾಕಿದಂತೆ. ಇಡೀ ಗಿಡ ಯಾರ ಪಾಲಿಗೆ?

ಬೆಳೆದ ರೈತನ ಪಾಲಿಗೆ. ಪತ್ರಿಕೆಯ ಜಿಲ್ಲಾ ಪುಟದಲ್ಲಿ ಆ ಫೋಟೊ ನೀವೂ ನೋಡಿದ್ದೀರಿ. ಅರಿಶಿನದ ಸಾಲಿನ ನಡುವೆ ಕಿತ್ತ ನಾಲ್ಕು ಹಸಿರು ಗಿಡ. ಹಿಂದೆ ಸಾಲಾಗಿ ನಿಂತ ಆರು ಖಾಕಿ. ಮುಂದೆ ಕುಕ್ಕರಗಾಲಿನಲ್ಲಿ ಕೂತ ಒಬ್ಬ, ಮುಖಕ್ಕೆ ಟವೆಲು. ಅದೇ ಪುಟದ ಮೂಲೆಯಲ್ಲಿ ಬೇರುಸಮೇತ ನೋವು ಕೀಳುವ ತೈಲದ ಜಾಹೀರಾತು.

ಉತ್ತರಾಖಂಡದಲ್ಲಿ 2018ರಿಂದ ಪರವಾನಗಿ ಪಡೆದು ಇದೇ ಗಿಡವನ್ನು ಹೆಂಪ್ ಎಂಬ ಹೆಸರಿನಲ್ಲಿ ಬೆಳೆಯಬಹುದು. ಟಿಎಚ್‌ಸಿ ಮಾತ್ರ ನೂರಕ್ಕೆ 0.3 ದಾಟಬಾರದು. ಈ 0.3 ಎಂಬ ಪವಿತ್ರ ಸಂಖ್ಯೆ ಎಲ್ಲಿಂದ ಇಳಿಯಿತು? 1976ರಲ್ಲಿ ಅರ್ನೆಸ್ಟ್ ಸ್ಮಾಲ್ ಎಂಬ ಕೆನಡಾದ ಸಸ್ಯವಿಜ್ಞಾನಿ ಮತ್ತು ಅವರ ಜೊತೆಗಾರ, ಗಿಡಗಳನ್ನು ವರ್ಗ ಮಾಡುವುದಕ್ಕೆ ಎಲ್ಲಾದರೂ ಒಂದು ಗೆರೆ ಬೇಕಲ್ಲ ಎಂದು ಎಳೆದರು. ನಾವೇ ಮನಸ್ಸಿಗೆ ಬಂದಲ್ಲಿ ಎಳೆದ ಗೆರೆ ಎಂದು ಒಪ್ಪಿಕೊಂಡೇ ಎಳೆದರು. ಆ ಗೆರೆ ಇವತ್ತು ದೇಶದೇಶಗಳ ಕಾನೂನು. ಗಿಡಕ್ಕೆ ಬಿಸಿಲು ಹೆಚ್ಚಾಗಿ, ತಳಿ ಬೆರೆತು 0.4 ಆಯಿತೆಂದರೆ ನಿನ್ನೆಯ ಪ್ರಗತಿಪರ ರೈತ ಇಂದಿನ ಟವೆಲು ಮುಸುಕಿನವನು.

ಸೀಸೆ ಬಂತು. ಬರದೇ ಇರುತ್ತದೆಯೇ, ದುಡ್ಡು ಕೊಟ್ಟಾಗಿತ್ತು. ಪೊಲೀಸರು ಬರಲಿಲ್ಲ. ತಂದ ಹುಡುಗ ಓಟಿಪಿ ಕೇಳಿ ಹೋದ. ಡಬ್ಬಿಯ ತಳದಲ್ಲಿ ಕ್ಯೂಆರ್ ಕೋಡ್. ‘ನಿಮ್ಮ ಬ್ಯಾಚಿನ ಲ್ಯಾಬ್ ವರದಿ ನೋಡಿ’ ಎಂದಿತ್ತು. ನೋಡಿದೆ. ಸಂಖ್ಯೆಗಳ ಕೋಷ್ಟಕ. ಟಿಎಚ್‌ಸಿಗೊಂದು ಅಂಕಿ, ಸಿಬಿಡಿಗೊಂದು ಅಂಕಿ. ಸಿಬಿಜಿಯ ಮುಂದೆ ಎರಡೇ ಅಕ್ಷರ. ಎನ್.ಡಿ.

ವರದಿಯ ಬುಡದಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ಅದರ ಅರ್ಥವೂ ಇತ್ತು. ನಾಟ್ ಡಿಟೆಕ್ಟೆಡ್. ಪತ್ತೆಯಾಗಿಲ್ಲ.

ಕಸ್ಟಮರ್ ಕೇರಿಗೆ ಫೋನು ಮಾಡಿದೆ. ಶಹನಾಯಿ ಕೇಳಿಸಿದರು. ಹನ್ನೆರಡು ನಿಮಿಷದ ಮೇಲೆ ಒಬ್ಬ ಹುಡುಗಿ ಸಿಕ್ಕಳು.

‘ಏನಮ್ಮಾ, ಸೀಸೆ ಮೇಲೆ ಸಿಬಿಜಿ ಸಮೃದ್ಧ ಅಂತಿದೆ. ವರದಿಯಲ್ಲಿ ಸಿಬಿಜಿ ಮುಂದೆ ಎನ್.ಡಿ. ಅಂತಿದೆ. ಹಾಗಂದರೇನು?’

‘ಒಂದ್ನಿಮಿಷ ಸರ್, ಚೆಕ್ ಮಾಡ್ತೀನಿ.’ ಮತ್ತೆ ಶಹನಾಯಿ.

‘ಸರ್, ಎನ್.ಡಿ. ಅಂದ್ರೆ ನ್ಯಾಚುರಲಿ ಡಿರೈವ್ಡ್ ಸರ್. ಇನ್ನೊಂದು ಬಾಟಲ್ ಬುಕ್ ಮಾಡ್ಲಾ?’